ಈ ಬೋಟಿನಲ್ಲಿ ಮೀನಿಲ್ಲ

ಫ್ರೆಂಡ್ಸ್, ನನ್ನ ಮಾವ ತಮ್ಮ ಬೋಟಿನ ಮೇಲೆ ಹೆಸರು ಬರೆಯಲು ನನ್ನನ್ನು ಮಲ್ಪೆಗೆ ಕರೆದಿದ್ದಾರೆ. ನನ್ನನ್ನೇ, ಬ್ರಷ್ ಹಿಡಿದು ಇನ್ನೂ ಎರಡು ತಿಂಗಳು ತುಂಬದ ನನ್ನನ್ನು.

ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಬೇಕಾದರೆ ಮಾವ ಎಂಥವರು ಅಂತ ಗೊತ್ತಿರಬೇಕು.

ನಮ್ಮದು ಲವ್ ಮ್ಯಾರೇಜ್. ನಾನು ಮೈಸೂರಿನವಳು. ತುಳು ಬರುವುದಿಲ್ಲ, ಮೀನಿನ ಮುಳ್ಳು ಬಿಡಿಸಲು ಕಲಿತದ್ದೇ ಮದುವೆಯ ನಂತರ.

ಮಾವ ಮೂವತ್ತು ವರ್ಷ ಕಡಲಿಗೆ ಹೋದವರು. ನಮ್ಮ ಮದುವೆ ಬೇಡ ಎನ್ನಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಆಲ್ಬಮ್ಮಿನ ಅಷ್ಟೂ ಫೋಟೋಗಳಲ್ಲಿ ಅವರು ಬೇರೆಲ್ಲೋ ನೋಡುತ್ತಿದ್ದಾರೆ...

ದುಬೈಗೆ ಬಂದ ಮೇಲೆ ಪ್ರತಿ ಶುಕ್ರವಾರ ಸಂತು ಊರಿಗೆ ಫೋನ್ ಮಾಡುತ್ತಾನೆ. ಸಂತು ಅಂದರೆ ನನ್ನ ಗಂಡ. ಹೀಗೆ ಬರೆಯುವಾಗ ಈಗಲೂ ನಗು ಬರುತ್ತದೆ.

ನನ್ನ ಸರದಿ ಬಂದಾಗ ಮಾವನದು ಒಂದೇ ಪ್ರಶ್ನೆ. "ಊಟ ಆಯ್ತಾ?"

"ಆಯ್ತು ಮಾವ."

"ಹಾಂ. ಅವನಿಗೆ ಕೊಡಿ."

ಖಲಾಸ್. ಮೂರು ತಿಂಗಳಲ್ಲಿ ಇದಕ್ಕಿಂತ ಒಂದು ಮಾತು ಹೆಚ್ಚಿಗೆ ಆಗಿರಲಿಲ್ಲ. ಫೋನ್ ಇಟ್ಟ ಮೇಲೆ ಪ್ರತಿ ಸಲ ಅದೇ ಯೋಚನೆ. ಈ ಮನೆಗೆ ನಾನು ಯಾವತ್ತೂ ಅತಿಥಿಯಾಗಿಯೇ ಇರುತ್ತೇನೇನೋ ಎಂಬ ಭಯ.

ಪೇಂಟಿಂಗ್ ಶುರುವಾದದ್ದು ಮಾತ್ರ ಇದಕ್ಕಲ್ಲ, ಶುದ್ಧ ಬೇಜಾರಿಗೆ. ಜೂನ್ ತಿಂಗಳು, ಅಲ್ ನಹ್ದಾದ ಒಂದು ಬೆಡ್‌ರೂಮಿನ ಫ್ಲ್ಯಾಟ್, ಹೊರಗೆ ಕಾಲಿಟ್ಟರೆ ಬೆಂಕಿ. ಸಂತು ಆಫೀಸಿಗೆ ಹೋದರೆ ನಾನು ಮತ್ತು ಎ.ಸಿ. ಇಬ್ಬರೇ.

ಕೆಳಗಿನ ಸ್ಟೇಷನರಿ ಅಂಗಡಿಗೆ ಪೆನ್ನು ತರಲು ಹೋದವಳು ಅಕ್ರಿಲಿಕ್ ಟ್ಯೂಬುಗಳ ಸೆಟ್, ಮೂರು ಬ್ರಷ್, ಒಂದು ಕ್ಯಾನ್ವಾಸ್ ಹಿಡಿದು ಬಂದೆ. ಪೆನ್ನು ಮರೆತೇ ಹೋಯಿತು.

ಬಣ್ಣ ಕಲಸಿ ಬ್ರಷ್ ಎತ್ತುವಷ್ಟರಲ್ಲಿ ಎ.ಸಿ. ಗಾಳಿಗೆ ಅದು ತಟ್ಟೆಯ ಮೇಲೆಯೇ ಒಣಗಿ ರಬ್ಬರಿನಂತಾಗುತ್ತಿತ್ತು. ಕೊನೆಗೆ ಇಸ್ತ್ರಿಗೆ ಬಳಸುವ ನೀರಿನ ಸ್ಪ್ರೇ ಪಕ್ಕದಲ್ಲಿಟ್ಟುಕೊಳ್ಳಲು ಕಲಿತೆ. ಒಂದು ಮಾವಿನಹಣ್ಣು ಬರೆದೆ, ನಮ್ಮ ಕಿಟಕಿ ಬರೆದೆ, ಸಂತುವಿನ ಮುಖ ಬರೆದೆ. ಆ ಮುಖದ ಬಗ್ಗೆ ಮಾತು ಬೇಡ.

ಆಮೇಲೆ ಒಂದು ದಿನ ಫೋನಿನಲ್ಲಿ ಮಾವನ ಬೋಟಿನ ಫೋಟೋ ಸಿಕ್ಕಿತು. ಮದುವೆಯ ವಾರ ಮಲ್ಪೆ ಬಂದರಿನಲ್ಲಿ ಅದನ್ನು ಕಟ್ಟಿ ಹಾಕಿದ್ದಾಗ ನಾನೇ ತೆಗೆದದ್ದು.

ನನ್ನ ಜೊತೆ ಮಾತಾಡದಿದ್ದರೂ ಬೋಟಿನ ಜೊತೆ ಮಾತಾಡಿಯಾರು ಅನಿಸಿತು.

ಹತ್ತು ದಿನ ಕೂತೆ. ಸಂಜೆಯ ಕಿತ್ತಳೆ ಆಕಾಶ, ರಾಶಿ ಮೀನು ಹಿಡಿದು ದಡಕ್ಕೆ ಮರಳುತ್ತಿರುವ ಬೋಟು, ಅದರ ಹೊಟ್ಟೆಯ ಸುತ್ತ ಒಂದು ಕೆಂಪು ಪಟ್ಟಿ. ಆ ಪಟ್ಟಿಯೊಂದಕ್ಕೇ ಮೂರು ದಿನ ಹಿಡಿಯಿತು, ನೋಡಿದಾಗೆಲ್ಲ ನನಗೇ ಮುದ್ದು ಬರುತ್ತಿತ್ತು.

ಫೋಟೋ ತೆಗೆದು ಮಾವನಿಗೆ ವಾಟ್ಸಾಪ್ ಮಾಡಿದೆ. ಕೆಳಗೆ ಬರೆದೆ, "ಮೀನು ತುಂಬಿಸಿಕೊಂಡು ಬರ್ತಿರೋ ನಿಮ್ಮ ಬೋಟು, ಮಾವ."

ಎರಡು ನೀಲಿ ಗೆರೆ ಬಂತು. ಮಧ್ಯಾಹ್ನದ ಹೊತ್ತಿಗೆ ಒಂದು ವಾಯ್ಸ್ ಮೆಸೇಜ್, ಐದೇ ಸೆಕೆಂಡಿನದು.

"ಈ ಬೋಟಲ್ಲಿ ಮೀನಿಲ್ಲ."

ನಾನು ಅತ್ತುಬಿಟ್ಟೆ. ನಿಜವಾಗಿ ಕೂತು ಅತ್ತೆ. ಸಂಜೆ ಬಂದ ಸಂತು ಅದನ್ನು ಎರಡು ಸಲ ಕೇಳಿಸಿಕೊಂಡು, ಚಿತ್ರ ನೋಡಿ, ತಲೆ ಕೆರೆದುಕೊಂಡ.

"ಅಪ್ಪ ಹೇಳಿದ್ದು ಸರಿಯೇ ಉಂಟಲ್ಲ. ಮೀನು ತುಂಬಿದ ಬೋಟು ಇಷ್ಟು ಮೇಲೆ ತೇಲ್ತದಾ? ಭಾರಕ್ಕೆ ಕೆಳಗೆ ಕೂತಿರ್ತದೆ."

ನಾನು ನೋಡಿ ಬರೆದದ್ದು ಬಂದರಿನ ದಕ್ಕೆಯಲ್ಲಿ ಕಟ್ಟಿದ್ದ ಖಾಲಿ ಬೋಟು. ಅದನ್ನೇ ಎತ್ತಿ ಕಡಲಿನ ನಡುವೆ ಇಟ್ಟಿದ್ದೆ...

ಅಕ್ರಿಲಿಕ್ಕಿನ ಒಳ್ಳೆಯ ಗುಣ ಏನೆಂದರೆ ಒಣಗಿದ ಮೇಲೆ ಅದರ ಮೇಲೆಯೇ ಮತ್ತೆ ಬಳಿಯಬಹುದು. ಮರುದಿನ ಬೆಳಿಗ್ಗೆ ನೀಲಿ ಕಲಸಿ ನೀರನ್ನು ಮೇಲಕ್ಕೆ ಏರಿಸಿದೆ. ಮಾವನಿಗೆ ಫೋಟೋ ಕಳಿಸಿದೆ.

"ಇನ್ನೂ ನಾಲ್ಕು ಬೆರಳು."

ನಾಲ್ಕು ಬೆರಳು ಅಂದರೆ ನನ್ನ ಕೆಂಪು ಪಟ್ಟಿ ಪೂರ್ತಿ ಮುಳುಗಬೇಕು. ಮೂರು ದಿನದ ಕೆಲಸ, ಆದರೂ ಮುಳುಗಿಸಿದೆ. ಮತ್ತೆ ಕಳಿಸಿದೆ.

"ಎಂಥ ಮಾರಾಯ್ತಿ, ಮೀನು ತುಂಬಿಸಿಕೊಂಡು ಬರುವಾಗ ಹಿಂದೆ ಹಕ್ಕಿ ಬೇಡವಾ? ಅವಕ್ಕೆ ಉಪವಾಸವಾ?"

ಹಕ್ಕಿ ಹಾಕಿದೆ, ಒಂಬತ್ತು ಹಕ್ಕಿ. ಮಳೆಗಾಲದಲ್ಲಿ ಎರಡು ತಿಂಗಳು ಮೀನುಗಾರಿಕೆ ನಿಲ್ಲುವುದರಿಂದ ಮಾವನಿಗೂ ಪುರುಸೊತ್ತು. ಇಡೀ ದಿನ ಅವರು ಹೇಳುತ್ತಿದ್ದರು, ನಾನು ತಿದ್ದುತ್ತಿದ್ದೆ. ಮಧ್ಯಾಹ್ನ ಅಡುಗೆಯೇ ಮಾಡಲಿಲ್ಲ. ಊಟ ಆಯ್ತಾ ಎಂದು ಅವರೂ ಕೇಳಲಿಲ್ಲ.

ಸಂಜೆ ಕೊನೆಯ ಫೋಟೋಗೆ ಬಂದದ್ದು ಎರಡೇ ಪದ. "ಈಗ ಮೀನುಂಟು."

ಇದು ಕಳೆದ ವಾರದ ಕಥೆ. ನಿನ್ನೆ ಬೆಳಿಗ್ಗೆ ಮಾವ ತಾವಾಗಿಯೇ, ಸಂತುವಿಗಲ್ಲ, ನನ್ನ ನಂಬರಿಗೆ ಫೋನ್ ಮಾಡಿದರು. ಕಡಲಿಗೆ ಇಳಿಸುವ ಮೊದಲು ಬೋಟಿಗೆ ಹೊಸ ಬಣ್ಣ ಹೊಡೆಯುತ್ತಿದ್ದಾರಂತೆ. ವರ್ಷವೂ ಹೆಸರು ಬರೆಯುವವರಿಗೆ ಕಣ್ಣಿನ ಆಪರೇಷನ್.

"ನೀನು ಬಂದು ಬರಿ. ಆ ಟ್ಯೂಬಿನ ಬಣ್ಣ ಎಲ್ಲ ತರಬೇಡ, ಇಲ್ಲಿ ಡಬ್ಬದ್ದು ಉಂಟು."

"ನಂಗೆ ಅಷ್ಟು ದೊಡ್ಡ ಅಕ್ಷರ ಬರಲ್ಲ ಮಾವ. ಕೆಟ್ಟು ಹೋದ್ರೆ?"

"ಕೆಟ್ಟರೆ ಕೆರೆದು ಮತ್ತೆ ಬರೆಯುವುದು. ನಾನಿದ್ದೇನಲ್ಲ."

ಸಂತುವಿಗೆ ರಜೆ ಇಲ್ಲ, ನಾನೊಬ್ಬಳೇ ಹೊರಟಿದ್ದೇನೆ. ಸ್ಕೂಲುಗಳ ರಜೆಯ ಸಮಯವಾದ್ದರಿಂದ ಮಂಗಳೂರಿಗೆ ಸೀಟು ಸಿಗಲಿಲ್ಲ, ಹಾಗಾಗಿ ಮುಂಬೈವರೆಗೆ ವಿಮಾನ, ಅಲ್ಲಿಂದ ರೈಲು. ಪೂರ್ತಿ ಮಳೆ ನೋಡಿಕೊಂಡು ಹೋಗಬಹುದು, ನನಗಂತೂ ಅದೂ ಖುಷಿಯೇ.

ಈಗಷ್ಟೇ ಮಾವನ ಮೆಸೇಜ್ ಬಂತು. ಯಾವ ದಿನ, ಯಾವ ರೈಲು ಅಂತ ಬರಿ, ಉಡುಪಿ ಸ್ಟೇಷನ್ನಿಗೆ ನಾನೇ ಬರ್ತೇನೆ ಅಂತ.

ಬರೆದೆ. "ಶನಿವಾರ ಬೆಳಿಗ್ಗೆ, ಮತ್ಸ್ಯಗಂಧ ಎಕ್ಸ್‌ಪ್ರೆಸ್, ಮಾವ."