ಕಾಕಾನ ಕೂಗನ್ನು ಊರಿಗೆಲ್ಲ ಹಂಚಿದ ಮೇಲೆ

ಎತ್ತಿಗೆ ವೆಬ್‌ಸೈಟ್ ಮಾಡಿದ್ದೇನೆ ಎಂದರೆ ಮಂದಿ ಮೊದಲು ನಗುತ್ತಾರೆ. ನಗಲಿ. ಸಿನಿಮಾ ನಟರಿಗೆ, ಕ್ರಿಕೆಟ್ ಆಟಗಾರರಿಗೆ ಅಭಿಮಾನಿಗಳು ಮಾಡುವುದಿಲ್ಲವೆ? ಕೌಜಲಗಿಯ ಆ ಬಿಳಿ ಎತ್ತು ಪಂದ್ಯದ, ಅಂದರೆ ನಮ್ಮ ಕಡೆಯ ಶರ್ಯತ್ತಿನ, ಗಾಡಿ ಎಳೆದುಕೊಂಡು ಓಡುವುದನ್ನು ಒಮ್ಮೆ ನೋಡಿದವರು ಆಮೇಲೆ ನಕ್ಕದ್ದನ್ನು ನಾನು ಕಂಡಿಲ್ಲ.

ನಾನು ನಿಡಸೋಸಿಗೆ ಬಸ್ಸಿನಲ್ಲಿ ಓಡಾಡಿ ಇಂಜಿನಿಯರಿಂಗ್ ಮುಗಿಸಿದವಳು. ಈಗ ಗೋಕಾಕದಲ್ಲಿ ಕೋರ್ಟಿನ ಬಾಜೂ ಒಂದು ಸಣ್ಣ ಅಂಗಡಿ ನಡೆಸುತ್ತೇನೆ. ಹೊಲದ ಉತಾರ, ಅಂದರೆ ಪಹಣಿ, ತೆಗೆದುಕೊಡುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಝೆರಾಕ್ಸ್ ಮಾಡುವುದು ನನ್ನ ಕೆಲಸ. ಆ ಎತ್ತಿನ ಒಡೆಯರನ್ನು ನಾನು ಕಾಕಾ ಎನ್ನುತ್ತೇನೆ; ಅವರು ಮೊದಲು ಬಂದದ್ದೂ ಉತಾರಕ್ಕೇ. ಕುರಿ ಕಾಯುತ್ತಿದ್ದ ಮನೆತನ, ಈಗ ಕಾಲುವೆ ನೀರಿನ ಮೇಲೆ ಕಬ್ಬು, ಗೋವಿನಜೋಳ ಮಾಡುತ್ತಾರೆ. ಕಾಗದ ಪ್ರಿಂಟ್ ಆಗುವಷ್ಟರಲ್ಲಿ ತಮ್ಮ ಫೋನ್ ನನ್ನ ಮುಂದೆ ಹಿಡಿದು, "ತಂಗಿ, ಈ ಫೋಟೋ ದೊಡ್ಡದ ಮಾಡಿ ಕೊಡತೀಯೇನ?" ಎಂದರು. ಫೋಟೋದಲ್ಲಿ ಎತ್ತಿನ ನಾಲ್ಕೂ ಕಾಲು ನೆಲದಿಂದ ಮೇಲಿದ್ದವು.

"ಇದು ಹಾರಾಕತ್ತೈತೇನ್ರಿ ಕಾಕಾ?"

"ಬಂದ ನೋಡ. ಐತವಾರ ಮೂಡಲಗ್ಯಾಗ ಶರ್ಯತ್ತ ಐತಿ."

ಹೋಗಿ ನೋಡಿದೆ. ಬೇರೆ ಗಾಡಿಯವರ ಕೈಯಲ್ಲಿ ಬಾರಕೋಲು ಇದ್ದವು. ಕಾಕಾನ ಕೈ ಬರಿದು. ಅವರು ಎತ್ತನ್ನು ಹೊಡೆದವರಲ್ಲ, ಬರೀ ಕೂಗಿ ಓಡಿಸುವವರು. ನಾಲಿಗೆ ಹೊರಳಿಸಿ ಉದ್ದಕ್ಕೆ ಒಂದು ಸದ್ದು, ಅದರ ಬಾಲಕ್ಕೆ ಎರಡು ಸಣ್ಣ ಸಿಳ್ಳು. ಅವರ ಅಪ್ಪ ಕುರಿ ಹಿಂಡನ್ನು ಹಳ್ಳ ದಾಟಿಸುವಾಗ ಹಾಕುತ್ತಿದ್ದ ಕೂಗಂತೆ. ಮೊದಲ ಸಿಳ್ಳಿಗೆ ಬಿಳಿ ಎತ್ತಿನ ಕಿವಿ ಹಿಂದಕ್ಕೆ ಹೋದವು. ಎರಡನೆಯದಕ್ಕೆ ಎತ್ತು ಅಲ್ಲಿರಲಿಲ್ಲ. ಅದರ ಜೋಡಿಯ ಕೆಂದೆತ್ತು ತಾನೂ ಓಡಿತು ಎನ್ನುವುದಕ್ಕಿಂತ ಅದರ ಜೊತೆ ಎಳೆಸಿಕೊಂಡು ಹೋಯಿತು ಎನ್ನಬೇಕು.

ಆ ಕೂಗಿಗೊಂದು ಕಟ್ಟಳೆ ಇತ್ತು. ಸುಮ್ಮನೆ ಹಾಕುವಂತಿಲ್ಲ. ಹಾಕಿದರೆ ಎತ್ತು ಓಡಲೇಬೇಕು, ಓಡಿ ನಿಂತ ಜಾಗಕ್ಕೆ ಕಾಕಾ ತಾವೇ ನಡೆದು ಹೋಗಿ ಅಂಗೈಯಲ್ಲಿ ಬೆಲ್ಲ ತಿನ್ನಿಸಬೇಕು. "ಮೂಕ ಜೀವಕ್ಕ ಸುಳ್ಳ ಹೇಳಬಾರದವಾ" ಎನ್ನುತ್ತಿದ್ದರು.

ವೆಬ್‌ಸೈಟ್ ಮಾಡುವುದು ಎರಡು ದಿನದ ಕೆಲಸ. ಅದಕ್ಕೆ ಮಂದಿಯನ್ನು ಕರೆಯುವುದೇ ಕೆಲಸ. ಮೊದಮೊದಲು ಅದನ್ನು ನೋಡುತ್ತಿದ್ದವರು ನಾನು, ನನ್ನ ತಮ್ಮ, ಮತ್ತೆ ನಾನು. ಆಗ ನನಗೆ ಒಂದು ಮಾತು ಹೊಳೆಯಿತು: ಎತ್ತಿನ ಅಭಿಮಾನಿಗಳು ಇಂಟರ್‌ನೆಟ್ಟಿನಲ್ಲಿ ಹುಡುಕುತ್ತ ಕೂತಿರುವುದಿಲ್ಲ, ಅವರು ದನಗಳ ಹಿಂಡಿ ಅಂಗಡಿಯಲ್ಲಿ ಇರುತ್ತಾರೆ. ಅಂಗೈಯಗಲದ ಸ್ಟಿಕರ್ ಪ್ರಿಂಟ್ ಮಾಡಿದೆ. ಎತ್ತಿನ ಮುಖ, ಕೆಳಗೆ ಫೋನಿನಿಂದ ಸ್ಕ್ಯಾನ್ ಮಾಡುವ ಚೌಕ. ಗೋಕಾಕದ ಹಿಂಡಿ ಅಂಗಡಿಗಳಿಗೆ, ಮೂಡಲಗಿ ಸಂತೆಯಲ್ಲಿ ಹಗ್ಗ, ಗೆಜ್ಜೆ ಮಾರುವವರಿಗೆ, ಹುಕ್ಕೇರಿಯ ಚಹಾದಂಗಡಿಗಳಿಗೆ ನಾನೇ ಹೋಗಿ ಹಚ್ಚಿದೆ. ಯಾರೂ ಬೇಡ ಅನ್ನಲಿಲ್ಲ. ಬಸ್ ಸ್ಟ್ಯಾಂಡಿನ ಒಬ್ಬ ಆಟೋದವನು ಮಾತ್ರ ಸ್ಟಿಕರನ್ನು ತಿರುಗಾಮುರುಗಾ ಮಾಡಿ ನೋಡಿದ.

"ಏನ್ರಿ ಅಕ್ಕಾರ, ಎತ್ತಿಗೆ ವೆಬ್‌ಸೈಟ ಮಾಡೀರಿ. ನನಗೂ ಒಂದ ಮಾಡ್ರಲಾ, ಎಲ್ಲೆರ ಹೆಣ್ಣು ಸಿಕ್ಕೀತು."

"ನೀ ಮೊದಲ ಹಂಗ ಓಡಿ ತೋರಸಪಾ, ಆಮ್ಯಾಲ ನೋಡೂಣು."

ಅವನ ಜೊತೆಯವರು ಹೋ ಎಂದರು. ಅವನು ಸ್ಟಿಕರನ್ನು ಹಿಂದಿನ ಗಾಜಿಗೇ ಹಚ್ಚಿಕೊಂಡ. ಆ ಆಟೋ ನನಗೆ ತಂದಷ್ಟು ಮಂದಿಯನ್ನು ಇನ್ನಾವ ಜಾಹೀರಾತೂ ತಂದಿರಲಿಕ್ಕಿಲ್ಲ.

ಮಂದಿ ಬರತೊಡಗಿದ ಮೇಲೆ ಅವರಿಗೆ ಮನೆಗೆ ಒಯ್ಯಲು ಏನಾದರೂ ಕೊಡಬೇಕು ಅನ್ನಿಸಿತು. ಫೋಟೋ ಎಲ್ಲರೂ ಕೊಡುತ್ತಾರೆ. ನಾನು ಕೂಗನ್ನೇ ಕೊಡೋಣ ಎಂದುಕೊಂಡೆ, ರಿಂಗ್‌ಟೋನ್ ಮಾಡಿ. ಕಾಕಾನ ಎದುರು ಹೇಳಿದಾಗ ಅವರ ಮುಖದಲ್ಲಿ ಹಿಗ್ಗು ಕಂಡಿತು. ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದ ಅವರ ಹೆಂಡತಿ ಕಾಕು, "ಎತ್ತಿಗೆ ಕೇಳಿಸಿದ್ರ?" ಎಂದರು.

"ನನ್ನ ಎತ್ತಿಗೆ ನನ್ನ ದನಿ ಬ್ಯಾರೆ, ಡಬ್ಬಿ ದನಿ ಬ್ಯಾರೆ. ಅದಕ್ಕೇನ ಅಷ್ಟೂ ತಿಳಿಯಾಂಗಿಲ್ಲೇನ?" ಎಂದರು ಕಾಕಾ. ನಾನೂ ತಲೆಯಾಡಿಸಿದೆ. ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಓದಿದ್ದೆ. ಸದ್ದನ್ನು ಯಂತ್ರ ಹೇಗೆ ಹಿಡಿದು ಹಾಗೇ ಬಿಡುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಆದರೂ ಎತ್ತು ಗುರುತಿಸುವುದು ಮನುಷ್ಯನನ್ನೇ ಹೊರತು ಸದ್ದನ್ನಲ್ಲ ಎಂದು ಅವರಂತೆಯೇ ನಂಬಿದೆ. ಎತ್ತಿಗೆ ಕೇಳಿಸದಷ್ಟು ದೂರ, ಕಾಲುವೆಯ ದಂಡೆಗೆ ಹೋಗಿ ರೆಕಾರ್ಡ್ ಮಾಡಿಕೊಂಡೆವು.

ರಿಂಗ್‌ಟೋನ್ ಹಬ್ಬಿದ ಪರಿ ಹೇಳಿದರೆ ಬಡಾಯಿ ಅನ್ನಿಸೀತು. ಕೌಜಲಗಿಯ ಬಸ್ಸಿನಲ್ಲಿ ಕೂತರೆ ಹಿಂದಿನ ಸೀಟಿನಲ್ಲಿ ಕಾಕಾ ಕೂಗುತ್ತಿದ್ದರು. ಕೋರ್ಟಿನ ಹೊರಗೆ ಒಬ್ಬ ವಕೀಲರ ಕರೀ ಕೋಟಿನೊಳಗಿನಿಂದ ಕೂಗಿದರು. ಅಂಗಡಿಗೆ ಅರ್ಜಿ ತುಂಬಲು ಬಂದವರ ಫೋನಿನಲ್ಲಿ ಅದು ಕೇಳಿದಾಗ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಹುಕ್ಕೇರಿ ಕಡೆಯ ಶರ್ಯತ್ತಿಗೆ ಹಾಗೆ ಉಬ್ಬಿಕೊಂಡೇ ಹೋದೆ. ಮೈದಾನದ ಬಳಿಯ ಚಹಾದಂಗಡಿಗೆ ಬೆಳಿಗ್ಗೆ ಹೊಸ ಸ್ಟಿಕರ್ ಹಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಮಂದಿಯನ್ನು ತಡೆಯಲು ಕಟ್ಟಿದ ಹಗ್ಗದ ಈಚೆ ಕಾಲಿಡಲು ಜಾಗವಿರಲಿಲ್ಲ. ಎಷ್ಟೋ ಮಂದಿ ವೆಬ್‌ಸೈಟ್ ನೋಡಿ ಬಂದವರು. ಅವರ ಮಾತಿನಿಂದಲೇ ತಿಳಿಯುತ್ತಿತ್ತು. ನಾನು ಮುಂದಿನ ಸಾಲಿನಲ್ಲಿದ್ದೆ. ಹತ್ತು ಹೆಜ್ಜೆ ಆಚೆ ಕಾಕಾ ಎತ್ತುಗಳ ಮುಂದೆ ನಿಂತು ನೊಗ ಎತ್ತಿ ಬಿಳಿ ಎತ್ತಿನ ಹೆಗಲಿಗೆ ಇಟ್ಟರು, ಕೊರಳ ಹಗ್ಗ ಕಟ್ಟಲು ಬಗ್ಗಿದರು. ಕೆಂದೆತ್ತಿನ ಕಡೆ ಹಗ್ಗ ಕಟ್ಟಿ ಆಗಿತ್ತು.

ನನ್ನ ಎಡಗಡೆ ಒಬ್ಬರು, ಬಿಳಿ ಟೊಪ್ಪಿಗೆಯ ದಪ್ಪನೆಯ ಮನುಷ್ಯ, ಪಕ್ಕದವರಿಗೆ ಹೇಳುತ್ತಿದ್ದರು: "ಬಡಿಗಿ ಹಿಡಿಯಾಂಗಿಲ್ಲ ಅಂವಾ. ಬರೇ ಒಂದ ಕೂಗು. ತಡೀರಿ, ಕೇಳಸ್ತೀನಿ." ಫೋನ್ ತೆಗೆದರು. ನನ್ನ ಪುಟ ತೆರೆದಿತ್ತು. ನಾನೇ ಬಣ್ಣ ಆರಿಸಿದ ಆ ಹಸಿರು ಗುಂಡಿಯ ಮೇಲೆ ಅವರ ಹೆಬ್ಬೆಟ್ಟು ಹೋಗುವುದನ್ನು ನೋಡಿದೆ. ಬೇಡ ಅನ್ನಲು ಹೊತ್ತಿತ್ತು. ನಾನು ಅನ್ನಲಿಲ್ಲ. ನಾನು ಅವರತ್ತ ನೋಡಿ ನಕ್ಕೆ.

ಆ ನಗು ನನಗೆ ದಿನಕ್ಕೆ ಎಷ್ಟು ಸಲ ನೆನಪಾಗುತ್ತದೆ ಎಂದು ಹೇಳಲಾರೆ. ಹಾಲು ಕಾಯಿಸುವಾಗ, ಪ್ರಿಂಟರಿಗೆ ಕಾಗದ ಹಾಕುವಾಗ, ಆ ಹೆಬ್ಬೆಟ್ಟು ಮತ್ತೆ ಇಳಿಯುತ್ತದೆ, ನಾನು ಮತ್ತೆ ನಗುತ್ತೇನೆ.

ಫೋನಿನಿಂದ ಕೂಗು ಹೊರಟಿತು. ಬಿಳಿ ಎತ್ತಿನ ಕಿವಿ ಹಿಂದಕ್ಕೆ ಹೋದದ್ದು ಕಂಡಿತು. ಆಮೇಲೆ ನೊಗ ಒಂದು ಕಡೆ ಜಾರಿತು. ಕೆಂದೆತ್ತಿನ ಮೂಗುದಾರ ಹಿಡಿದವನ ಕೈ ಖಾಲಿಯಾಯಿತು, ಕಾಕಾ ಕೆಳಗೆ ಹೋದರು. ಗಾಡಿಯ ಚಕ್ರ ಅವರ ತಲೆಯ ಪಕ್ಕದಿಂದ ದಾಟಿತು. ತಲೆಯ ಪಟಗ ಕಳಚಿ ಬಿದ್ದಿತ್ತು. ಚಕ್ರ ಅದರ ಮೇಲೆ ಹಾಯ್ದು ಮಣ್ಣಿನಲ್ಲಿ ಒಂದು ಬಿಳಿ ಪಟ್ಟಿಯಂತೆ ಅದನ್ನು ಒತ್ತಿ ಹೋಯಿತು. ಮಂದಿ ಚೀರುತ್ತ ಎರಡೂ ಕಡೆ ಸರಿದರು. ಬಿಳಿ ಎತ್ತು, ಅರ್ಧ ಕಟ್ಟಿದ ನೊಗದಲ್ಲಿ ಕೆಂದೆತ್ತನ್ನೂ ಗಾಡಿಯನ್ನೂ ಓರೆಯಾಗಿ ಎಳೆದುಕೊಂಡು, ಮೈದಾನದ ಕೊನೆಯವರೆಗೆ ಓಡಿ, ತಾನು ಯಾವಾಗಲೂ ನಿಲ್ಲುವಂತೆ ನಿಂತಿತು. ನಿಂತು ತಿರುಗಿ ನೋಡಿತು.

ಯಾರೂ ಅದರ ಹತ್ತಿರ ಹೋಗಲಿಲ್ಲ. ಕಾಕಾ ಎದ್ದು ಕೂತರು. ಎಡಗೈ ಜೋಲುತ್ತಿತ್ತು. ನಾಲ್ಕು ಮಂದಿ ಎತ್ತಿಕೊಳ್ಳಲು ಹೋದರೆ ಬಲಗೈಯಿಂದ ಅವರನ್ನು ಸರಿಸಿ, ಇಡೀ ಮೈದಾನ ನಡೆದುಕೊಂಡು ಹೋದರು. ಜೇಬಿನಿಂದ ಬೆಲ್ಲ ತೆಗೆದು ತಿನ್ನಿಸಿದರು. ಆಮೇಲೆ ಅಲ್ಲೇ ಕುಸಿದರು.

ಕಾಲರ್ ಎಲುಬು ಮುರಿದಿತ್ತು, ಅಷ್ಟೇ. ಅಷ್ಟೇ ಎಂದು ಡಾಕ್ಟರರು ಅಂದದ್ದು, ನಾನಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ವೆಬ್‌ಸೈಟಿನಿಂದ ಕೂಗನ್ನು ತೆಗೆದೆ. ಪೂರ್ತಿ ಮುಚ್ಚಿಬಿಡುತ್ತೇನೆ ಎಂದು ಮರುದಿನ ಕೌಜಲಗಿಗೆ ಹೋಗಿ ಹೇಳಿದೆ.

"ಬಾಗಲಾ ಹಾಕಿದ್ರ ಹೊರಗ ಹ್ವಾದ ದನಾ ಒಳಗ ಬರತಾವೇನ?" ಎಂದರು ಕಾಕಾ. "ಮಂದಿ ಫೋನಿನ್ಯಾಗ ಐತಲಾ ಅದು."

ಅವರು ಹೇಳಿದ್ದು ನಿಜ. ನೊಗ ಹೂಡಲು ಆ ಎತ್ತು ಬೇರೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಹೂಡುವವರು ಅದರ ಮುಂದೆಯೇ ನಿಲ್ಲಬೇಕು. ಯಾವ ಶರ್ಯತ್ತಿನಲ್ಲಿ ಯಾರ ಜೇಬಿನಿಂದ ಆ ಕೂಗು ಬರುತ್ತದೋ ಯಾರು ಬಲ್ಲರು? ಮೈದಾನವೇ ಬೇಡ ಎನ್ನಿ, ಹೊಲದಲ್ಲಿ ಕುಂಟೆ ಹೊಡೆಯುವಾಗ ರಸ್ತೆಯಲ್ಲಿ ಹೋಗುವ ಬೈಕಿನವನ ಫೋನ್ ರಿಂಗಾದರೆ? ಕಾಕು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಚಹಾ ಕೊಟ್ಟರು. ಕೊಡುತ್ತ, "ಇನ್ನ ಇವರನ್ನ ಅದರ ಮುಂದ ನಿಂದರಾಕ ನಾ ಬಿಡಾಂಗಿಲ್ಲವಾ" ಎಂದರು, ನನಗಲ್ಲ, ಲೋಟಕ್ಕೆ ಹೇಳಿದಂತೆ.

ಕಾಕಾ ಎದ್ದು ಹೋಗಿ ಬಲಗೈಯಿಂದ ಎತ್ತಿನ ಮುಂದೆ ಮೇವು ಹಾಕಿದರು. ಆಮೇಲೆ, "ಆ ಕೂಗ ಕೆಟ್ಟೈತಿ. ಪೂರಾ ಕೆಡಸೂಣು" ಎಂದರು.

ಅವರ ಲೆಕ್ಕ ಇಷ್ಟೇ. ಇಷ್ಟು ವರ್ಷ ಆ ಕೂಗು ಸುಳ್ಳಾಗದಂತೆ ಕಾದದ್ದಕ್ಕೇ ಎತ್ತು ಅದನ್ನು ನಂಬಿದೆ. ಈಗ ಅದನ್ನು ಸುಳ್ಳು ಮಾಡಬೇಕು. ಎತ್ತು ಮೇವು ತಿನ್ನುವಾಗ ಕೇಳಿಸಬೇಕು, ನೀರು ಕುಡಿಯುವಾಗ ಕೇಳಿಸಬೇಕು, ಓಡಿಸಬಾರದು, ಬೆಲ್ಲ ಕೊಡಬಾರದು. ಹೊಸ ಕೂಗನ್ನು ಆಮೇಲೆ ಕಲಿಸಬಹುದು. ಹಳೆಯದನ್ನು ತಮ್ಮ ಬಾಯಿಂದ ಸುಳ್ಳಾಗಿ ಹಾಕಲು ಅವರಿಗೆ ಆಗಲಿಲ್ಲ. "ನಿನ್ನ ಡಬ್ಬಿ ತಗೊಂಡ ದಿನಾ ಬಾ" ಎಂದರು.

ಹಾಗೆ ನಾನು ದಿನಾ ಅಂಗಡಿ ತೆರೆಯುವ ಮೊದಲು ಕೌಜಲಗಿಗೆ ಹೋಗತೊಡಗಿದೆ. ಮೊದಲು ರಸ್ತೆಯ ಮೇಲಿನಿಂದ, ಸಣ್ಣ ದನಿಯಲ್ಲಿ. ಎತ್ತು ಮೇವು ಬಿಟ್ಟು ನಡುಗುತ್ತಿತ್ತು, ಗೂಟದ ಹಗ್ಗ ಬಿಗಿಯಾಗುತ್ತಿತ್ತು. ಪ್ರತಿ ಸಲ ಒತ್ತುವುದು ನನ್ನ ಹೆಬ್ಬೆಟ್ಟೋ ಆ ಮನುಷ್ಯನದೋ ತಿಳಿಯುತ್ತಿರಲಿಲ್ಲ. ವಾರಗಳು ಹೋದವು. ಬೇವಿನ ಗಿಡದ ಹತ್ತಿರ ಬಂದೆ, ಹೊಂಡದ ಹತ್ತಿರ ಬಂದೆ, ಕೊಟ್ಟಿಗೆಯ ಬಾಗಿಲಿಗೆ ಬಂದೆ. ಎತ್ತಿನ ಕಿವಿ ಇನ್ನೂ ಹಿಂದಕ್ಕೆ ಹೋಗುತ್ತಿದ್ದವು. ಕಾಲು ಮಾತ್ರ ಏಳುತ್ತಿರಲಿಲ್ಲ. ಒಂದು ದಿನ ಕಿವಿಯೂ ಅಲುಗಲಿಲ್ಲ. ನನಗೆ ಸಮಾಧಾನವಾಯಿತು, ಕಾಕಾ ಮಾತ್ರ ಮುಖ ಆಚೆ ಮಾಡಿದರು. ಅವರ ಅಪ್ಪನ ಕೂಗು ಅದು.

ಕೈಯ ಪಟ್ಟಿ ಬಿಚ್ಚಿದ ಮೇಲೆ ಅವರು ಅಂಗಳದಲ್ಲಿ ನೊಗ ಹೂಡಿದರು. ಎತ್ತಿನ ಎದುರು ನಿಂತು, ಬಗ್ಗಿ, ಕೊರಳ ಹಗ್ಗಕ್ಕೆ ಕೈ ಹಾಕಿ, "ಡಬ್ಬಿ ಹಚ್ಚು" ಎಂದರು.

ನನಗೆ ಆಗಲಿಲ್ಲ. "ಕಾಕಾ, ಬಾಜೂ ಸರೀರಿ ಸ್ವಲ್ಪ."

"ಬಾಜೂ ನಿಂತ ನೊಗ ಹೂಡ್ತಾರೇನ? ಹಚ್ಚವಾ."

ಕಾಕು ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದರು. "ಹಚ್ಚಿಬಿಡ" ಎಂದರು. "ಅದೇನ ಆಗತೈತಿ ಈಗ ಆಗಲಿ. ಮಂದ್ಯಾಗ ಬ್ಯಾಡ."

ಹಚ್ಚಿದೆ, ಪೂರ್ತಿ ದನಿಯಲ್ಲಿ. ಕೂಗು ಅಂಗಳದ ಗೋಡೆಗೆಲ್ಲ ಬಡಿಯಿತು. ಬಿಳಿ ಎತ್ತು ಬಾಲ ಎತ್ತಿ, ನಿಧಾನವಾಗಿ, ದೊಡ್ಡದಾಗಿ ಸೆಗಣಿ ಹಾಕಿತು.

"ನೋಡ, ನಿನ್ನ ವೆಬ್‌ಸೈಟಿಗೆ ಅಭಿಪ್ರಾಯ ಹೇಳ್ತು" ಎಂದರು ಕಾಕು. ನಾನು ನಕ್ಕೆ, ಅಳುವೂ ಬಂತು.

ವೆಬ್‌ಸೈಟ್ ಮುಚ್ಚಲಿಲ್ಲ. ಮೊದಲ ಪುಟದಲ್ಲೇ ನಡೆದದ್ದನ್ನೆಲ್ಲ ಬರೆದೆ, ನಾನು ನಕ್ಕದ್ದನ್ನೂ ಬಿಡದೆ. ಬೈಯುವವರು ಬೈದರು. ಆದರೆ ಶರ್ಯತ್ತಿನ ಬೇರೆ ಎತ್ತುಗಳವರು ಓದಿ ಅಂಗಡಿಗೆ ಬಂದರು, ತಮ್ಮ ಎತ್ತುಗಳ ಕಥೆ ಹೇಳಿದರು; ಹೊಸ ಓದುಗರು ಹಾಗೆ ಸಿಕ್ಕರು. ಮಂದಿಯನ್ನು ಕರೆಯಬಲ್ಲೆ ಎಂಬ ನಂಬಿಕೆ ನನಗೆ ಈಗಲೂ ಇದೆ. ಕರೆದ ಮೇಲೆ ಅವರನ್ನು ಎಲ್ಲಿ ನಿಲ್ಲಿಸಬೇಕೆಂದು ನೋಡುವುದೂ ನನ್ನ ಕೆಲಸವೇ ಎಂದು ಈಗ ಗೊತ್ತು.

ಮೂಡಲಗಿಯ ಶರ್ಯತ್ತಿಗೆ ಬರ್ರಿ ಎಂದು ನಾನೇ ಕರೆದೆ. ಬಹಳ ಮಂದಿ ಬಂದರು. ನಾನು ಹಗ್ಗದ ಒಳಗೆ, ಎತ್ತುಗಳಿಗೆ ಬೆನ್ನು ಮಾಡಿ, ಮಂದಿಯತ್ತ ಮುಖ ಮಾಡಿ ನಿಂತೆ. "ಫೋನ್ ಕಿಸೆದಾಗ ಇಡ್ರಿ ಅಣ್ಣಾರ. ನೀವೂ ಇಡ್ರಿ." ಹೆಚ್ಚಿನವರು ಇಟ್ಟರು. ಎಲ್ಲೋ ಹಿಂದಿನಿಂದ ಹಳೆಯ ಕೂಗು ಒಮ್ಮೆ ಬಂತು, ಯಾರೋ ಗದರಿಸಿದರು, ನಿಂತಿತು. ನನ್ನ ಬೆನ್ನ ಹಿಂದೆ ಏನೂ ಆಗಲಿಲ್ಲ. ನೊಗದ ಹಗ್ಗ ಬಿಗಿಯುವಾಗ ಕಾಕಾ ಕೆಮ್ಮಿದ್ದು ಕೇಳಿತು.

ಆಮೇಲೆ, ಈ ನಡುವೆ ಎತ್ತಿಗೆ ಕಲಿಸಿದ್ದ ಅವರ ಹೊಸ ಕೂಗು. ಅದನ್ನು ನಾನು ರೆಕಾರ್ಡ್ ಮಾಡಿಲ್ಲ, ಮಾಡಲೇ ಎಂದು ಅವರನ್ನು ಕೇಳಿಯೂ ಇಲ್ಲ. ಎತ್ತು ಓಡಿದ್ದನ್ನು ನೋಡಲಿಲ್ಲ. ಚಕ್ರದ ಸದ್ದು ಹಿಂದಿನಿಂದ ದೂರಕ್ಕೆ ಹೋಯಿತು. ಎದುರಿನ ಸಾಲಿನ ಮುಖಗಳೆಲ್ಲ ಒಟ್ಟಿಗೆ ಎಡದಿಂದ ಬಲಕ್ಕೆ ತಿರುಗಿದವು. ಒಬ್ಬ ಮುದುಕ ಬಾಯಿ ತೆರೆದು ಹಾಗೇ ಉಳಿದ. ಅಷ್ಟು ಸಾಕಾಯಿತು: ಎತ್ತು ಓಡಿತ್ತು, ಅದಕ್ಕೆ ಮೊದಲೇ ಕಾಕಾ ನೊಗದ ಮುಂದಿನಿಂದ ಸರಿದಾಗಿತ್ತು.