ಸಪ್ಪಳ ಬಂತು, ಮದುವೆ ಬರಲಿಲ್ಲ

ಇವತ್ತು ಮುಂಜಾನೆ ಅಥಣಿಯಿಂದ ತಂಗಿ ತನ್ನ ಮೊಮ್ಮಗನ ವಿಡಿಯೋ ಕಳಿಸಿದ್ದಳು. ಒತ್ತಿದರೆ ಪರದೆ ಬರೀ ಕಪ್ಪು. ಒಳಗಿಂದ ಕೂಸು ಕೇಕೆ ಹಾಕಿ ನಗುವುದು ಮಾತ್ರ ಕೇಳುತ್ತಿತ್ತು. ಫೋನನ್ನು ಎರಡು ಸಲ ಅಲುಗಾಡಿಸಿದೆ. ನಗಬೇಡಿ, ನೀವೂ ಮಾಡಿರುತ್ತೀರಿ. ರೇಡಿಯೋವನ್ನು ತಟ್ಟಿ ತಟ್ಟಿ ವಾರ್ತೆ ಕೇಳಿದ ಪೀಳಿಗೆ ನಮ್ಮದು. ಆ ಕತ್ತಲನ್ನು ನೋಡುತ್ತ ಕೂತಿದ್ದಾಗ ಬೇಡಕಿಹಾಳದ ಶಿವಪ್ಪನವರ ಮಗಳ ಮದುವೆ ನೆನಪಾಯಿತು. ಕಣ್ಣ ಮುಂದೆ ಬಂತು ಎನ್ನುವ ಹಾಗಿಲ್ಲ. ಅದು ಮೊದಲು ಬಂದದ್ದೇ ಕಿವಿಗೆ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ಚಿಕ್ಕೋಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ನಾನು ಮಿಕ್ಸಿಂಗ್ ಮಾಡುತ್ತಿದ್ದೆ. ಅಂದರೆ ಕ್ಯಾಮೆರಾದವರು ತೆಗೆದು ತಂದ ಮದುವೆಯನ್ನು ಕತ್ತರಿಸಿ, ಜೋಡಿಸಿ, ಮೇಲೊಂದು ಹಾಡು ಹಚ್ಚಿ ಕೊಡುವ ಕೆಲಸ. ಟೈಪಿಂಗ್ ಕಲಿಯಲು ಹೋದವಳು ಅದು ಹೇಗೋ ಇದನ್ನು ಕಲಿತು ಬಂದಿದ್ದೆ. ಮದುಮಕ್ಕಳನ್ನು ತಾವರೆ ಹೂವಿನೊಳಗೆ ಕೂರಿಸುವುದರಲ್ಲಿ ನನ್ನಷ್ಟು ಪಳಗಿದವರು ತಾಲೂಕಿನಲ್ಲೇ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮೇಲಿನಿಂದ ಗುಲಾಬಿ ಎಸಳು ಉದುರದಿದ್ದರೆ ಗಿರಾಕಿಗಳಿಗೆ ಮದುವೆ ಆದಂತೆಯೇ ಅನ್ನಿಸುತ್ತಿರಲಿಲ್ಲ. ಎಸಳು ಉದುರಿಸಿ ಉದುರಿಸಿ ಎಷ್ಟೋ ಬೀಗರ ಮುಖವನ್ನೇ ಮುಚ್ಚಿದ್ದೇನೆ. ಯಾರೂ ಬೇಸರ ಮಾಡಿಕೊಂಡಿಲ್ಲ.

ನನಗೆ ಕೆಲಸ ತರುತ್ತಿದ್ದವನು ದಸ್ತಗೀರ. ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಸ್ಟುಡಿಯೋ. ಆ ವರ್ಷ ಹೊಸ ಕ್ಯಾಮೆರಾ ತಂದಿದ್ದ. ಅದನ್ನು ಎದೆಗೆ ಅವಚಿಕೊಂಡೇ ಮನೆಗೆ ಬಂದು ತೋರಿಸಿದ. ಅವನಿಗೆ ನಾನು ವೈನಿ, ಅಂದರೆ ಅತ್ತಿಗೆ.

“ವೈನಿ, ಇದರಾಗ ಮದುಮಗಳ ಮೂಗಬಟ್ಟಿನ ಹರಳಾಗ ನನ್ನ ಮಾರಿ ಕಾಣಸ್ತೈತಿ ನೋಡ್ರಿ!”

“ನಿನ್ನ ಮಾರಿ ಯಾರಿಗೆ ಬೇಕಾಗೇತಪಾ?” ಎಂದೆ.

ಆ ಕ್ಯಾಮೆರಾ ಮೊದಲು ಹೋದದ್ದೇ ಶಿವಪ್ಪನವರ ಮನೆಯ ಮದುವೆಗೆ. ದಸ್ತಗೀರ ಮೆಮೊರಿ ಕಾರ್ಡ್ ತಂದುಕೊಟ್ಟು, ಕ್ಯಾಮೆರಾ ಹೊತ್ತುಕೊಂಡು ಅಥಣಿ ಕಡೆ ಇನ್ನೊಂದು ಮದುವೆಗೆ ಓಡಿದ. ನಾನು ಎಂದಿನಂತೆ ಕಾರ್ಡಿನಿಂದ ಎಲ್ಲ ಇಳಿಸಿಕೊಂಡು ಸಾಫ್ಟ್‌ವೇರಿಗೆ ಉಣಿಸಿದೆ. ಅದು ಬೇಡ ಎನ್ನಲಿಲ್ಲ, ತೆಗೆದುಕೊಂಡಿತು. ಒತ್ತಿದೆ. ಸನಾದಿ ಮೊಳಗಿತು, ಹೆಂಗಸರ ಗದ್ದಲ ಕೇಳಿತು, ಯಾರೋ ಕೆಮ್ಮಿದರು. ಚಿತ್ರ ಇರಬೇಕಾದ ಜಾಗದಲ್ಲಿ ಕಾಡಿಗೆ ಬಳಿದಂಥ ಕಪ್ಪು.

ಕಾರ್ಡ್ ಕಿತ್ತು ಮತ್ತೆ ಹಾಕಿದೆ. ಬೇರೆ ವೈರ್ ಹಚ್ಚಿದೆ. ಫೈಲಿನ ಹೆಸರು ಉದ್ದವಾಯಿತೇನೋ ಎಂದು ಗಿಡ್ಡ ಮಾಡಿದೆ. ಜಾಗ ಸಾಲದಾಯಿತೇನೋ ಎಂದು ಹಳೆಯ ಸಾಮಾನನ್ನೆಲ್ಲ ಅಳಿಸಿದೆ. ಕಡೆಗೆ ಕಂಪ್ಯೂಟರಿಗೆ ಊದುಬತ್ತಿಯನ್ನೂ ಬೆಳಗಿದೆ. ಅದನ್ನು ಇಲ್ಲಿ ಹೇಳಬಾರದಿತ್ತು. ನಮ್ಮ ಯಜಮಾನರು ಚಹಾ ಕುಡಿಯುತ್ತ, “ಒಮ್ಮೆ ಬಂದ್ ಮಾಡಿ ಚಾಲೂ ಮಾಡು” ಎಂದರು. ಮಿಕ್ಸರಿಗೂ ಮೋಟಾರಿಗೂ ನನ್ನ ಸಿಟ್ಟಿಗೂ ಅವರು ಹೇಳುವ ಮದ್ದು ಅದೊಂದೇ. ದಸ್ತಗೀರನಿಗೆ ಫೋನ್ ಮಾಡಿದೆ.

“ಕ್ಯಾಮೆರಾದಾಗ ನಾನು ನೋಡೇನಿ, ಎಲ್ಲಾ ಛಂದ ಬಂದೈತಿ ವೈನಿ. ನಿಮ್ಮ ಸಾಫ್ಟ್‌ವೇರ್‌ದ್ದ ಏನೋ ಮುನಿಸೈತಿ. ಟೆನ್ಶನ್ ಘೇಊ ನಕಾ” ಎಂದು ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಸಮಾಧಾನ ಹೇಳಿ ಇಟ್ಟುಬಿಟ್ಟ.

ಅದೇ ಹೊತ್ತಿಗೆ ಬಾಗಿಲಲ್ಲಿ ಶಿವಪ್ಪನವರು, ಹಿಂದೆ ಅವರ ಹೆಂಡತಿ ಕಮಲವ್ವ. ಶಿವಪ್ಪನವರು ಸಕ್ಕರೆ ಕಾರ್ಖಾನೆಯಲ್ಲಿ ಕ್ಲಾರ್ಕು, ಮಾತು ಕಡಿಮೆ. ಆ ಕೊರತೆಯನ್ನು ಕಮಲವ್ವ ತುಂಬುತ್ತಿದ್ದರು. ವಿಡಿಯೋ ತಯಾರಾಗುವ ತನಕ ಕಾಯಲು ಅವರಿಗೆ ಆಗದ್ದಕ್ಕೆ ಕಾರಣ ಬೇರೆಯೇ ಇತ್ತು. ಶಿವಪ್ಪನವರ ಅಕ್ಕ ಗಂಗವ್ವ ಮುಗಳಖೋಡದಲ್ಲಿದ್ದವರು. ತಮ್ಮನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಆಸೆಪಟ್ಟು ಕೇಳಿದ್ದರು. ಕೊಡಲಿಲ್ಲ. ಆದರೂ ಮದುವೆಗೆ ಬಂದಿದ್ದರು.

“ಬಂದು ಏನ್ ಮಾಡಿದ್ರು ಕೇಳ್ರಿ,” ಎಂದರು ಕಮಲವ್ವ. “ಅಕ್ಕಿಕಾಳ ಬೀಳೂ ಹೊತ್ತಿನಾಗ ಮಾರಿ ಊದಿಸ್ಕೊಂಡು ಕುಂತು, ಹುಡುಗಿಗೆ ಶಾಪ ಹಾಕ್ಯಾರ್ರಿ. ಬಾಯಿ ವಟಾವಟಾ ಅನ್ನೂದು ನನ್ನ ಕಣ್ಣಾರೆ ನೋಡೇನಿ. ಇವರು ನಂಬವಲ್ರು. ವಿಡಿಯೋದಾಗ ತೋರಸ್ತೇನಿ ಅಂತ ಕರಕೊಂಡು ಬಂದೇನಿ.”

ನಂಬುವುದಿಲ್ಲ ಎಂದದ್ದು ಅರ್ಧ ಮಾತು. ಮದುವೆಯ ಮರುದಿನದಿಂದ ಶಿವಪ್ಪನವರು ಅಕ್ಕನಿಗೆ ಒಂದು ಫೋನನ್ನೂ ಮಾಡಿರಲಿಲ್ಲ. ಆಕೆಯೇ ಮಾಡಿದಾಗ ಎತ್ತಿಯೂ ಇರಲಿಲ್ಲ.

ಚಿತ್ರ ಬರುತ್ತಿಲ್ಲ ಎಂದು ನಾನು ನಾಚುತ್ತ ಹೇಳಿದೆ. ಶಿವಪ್ಪನವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, “ಸಪ್ಪಳರ ಹಚ್ರಿ, ಬಾಯಾರ” ಎಂದರು.

ಹೀಗೆ ನಾವು ಮೂವರೂ ಕಪ್ಪು ಪರದೆಯ ಮುಂದೆ ಕೂತು ಮದುವೆ ಕೇಳಿದೆವು. ಮೊದಲು ಅಡುಗೆಯವರ ಕೂಗಾಟ. ಆಮೇಲೆ ಒಂದು ಧ್ವನಿ ಸ್ಪಷ್ಟವಾಗಿ, ಅವಸರದಲ್ಲಿ: “ಅಕ್ಕಾರನ್ನ ಅಲ್ಲೇ ಕ್ಯಾಮೆರಾದ ಹಿಂದ ಕೂಡಸ್ರಿ. ಸ್ಟೇಜಿನ ಮುಂದ ಬ್ಯಾಡ, ಫೋಟೋದಾಗ ಆ ಮಾರಿ ಬರೂದು ಬ್ಯಾಡ.”

ಧ್ವನಿ ಕಮಲವ್ವನದು. ಕಮಲವ್ವ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. “ಇದು ಕೆಟ್ಟೈತಿ ಅಂದ್ರಲ್ರೀ ನೀವು?”

ಅಷ್ಟರಲ್ಲಿ ಭಟ್ಟರ ದನಿ ಏರಿತು, ಬಾಜಾ ಜೋರಾಯಿತು. ಅದರೊಳಗೆ ಮೈಕಿಗೆ ಬಾಯಿ ಹಚ್ಚಿದಂತೆ ಇನ್ನೊಂದು ಮುದಿ ದನಿ:

“ಕಾಣವಲ್ದು... ಏನೂ ಕಾಣವಲ್ದು. ಏ ಕ್ಯಾಮೆರಾದ ತಮ್ಮಾ, ಒಂದೀಟು ಸರಿಯೋ. ಇಂವನ ಕೈ ಸೇದಿ ಹೋಗ್ಲಿ, ಗ್ವಾಡಿ ಹಂಗ ಅಡ್ಡ ನಿಂತಾನ... ಕಟ್ಟಿದ್ರೇನವಾ ತಾಳಿ? ಯಾರರ ಹೇಳ್ರೇ. ಕಟ್ಟಿದ್ರೇನು?”

ಯಾರೂ ಹೇಳಲಿಲ್ಲ. ಚಪ್ಪಾಳೆ ಕೇಳಿತು. ಚಪ್ಪಾಳೆ ಕೇಳಿದ ಮೇಲೆ ಮುದುಕಿ ತನ್ನಷ್ಟಕ್ಕೆ ತಾನೇ, “ಕಟ್ಟಿದ್ರು ಅನಸ್ತೈತಿ. ಸುಖದಾಗ ಇರ್ಲಿ ನನ್ನವ್ವ” ಎಂದಳು.

ನಾನು ಕೀಬೋರ್ಡಿನ ಧೂಳನ್ನು ಬೆರಳಿನಿಂದ ಒರೆಸುತ್ತ ಕೂತೆ. ನಮ್ಮ ಪಡಸಾಲೆಯಲ್ಲಿ ನಾವೂ ಆಗ ಅದನ್ನೇ ಮಾಡುತ್ತಿದ್ದೆವಲ್ಲ, ತಾಳಿ ಕಟ್ಟಿದರೋ ಇಲ್ಲವೋ ಎಂದು ಚಪ್ಪಾಳೆಯಿಂದ ಊಹಿಸುವುದು.

“ಇನ್ನೊಮ್ಮೆ ಹಚ್ರಿ,” ಎಂದರು ಶಿವಪ್ಪನವರು. “ಅಕ್ಕನ ಮಾತಿನಿಂದ.”

ಇನ್ನೊಮ್ಮೆ ಹಚ್ಚಿದೆ. ಅವರು ಎದ್ದು ಅಂಗಳಕ್ಕೆ ಹೋಗಿ ಫೋನ್ ಮಾಡಿದರು. ಕಿಟಕಿಯಿಂದ ಕೇಳಿದ್ದು “ಅಕ್ಕಾ, ನಾನು” ಎಂಬುದಷ್ಟೇ. ಆಮೇಲೆ ಆ ಕಡೆಯಿಂದ ಬೈಗುಳ ಬರುತ್ತಿತ್ತೆಂದು ಅವರ ಬಾಗಿದ ತಲೆಯೇ ಹೇಳುತ್ತಿತ್ತು.

ಚಿತ್ರದ ರೋಗ ತಿಳಿದದ್ದು ಮರುದಿನ. ಹೊಸ ಕ್ಯಾಮೆರಾ ಚಿತ್ರವನ್ನು ಹೊಸ ರೀತಿಯಲ್ಲಿ ಒತ್ತಿ ಮಡಚಿ ಇಡುತ್ತಿತ್ತು. ನನ್ನ ಹಳೆಯ ಸಾಫ್ಟ್‌ವೇರಿಗೆ ಆ ಮಡಿಕೆ ಬಿಚ್ಚಲು ಬರುತ್ತಿರಲಿಲ್ಲ. ಸಪ್ಪಳ ಮಾತ್ರ ಹಳೆಯ ರೀತಿಯಲ್ಲೇ ಇದ್ದುದರಿಂದ ಒಳಗೆ ಬಂದಿತ್ತು. ಮೊದಲು ಬೇರೊಂದು ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಕನ್ವರ್ಟ್ ಮಾಡಿ ಆಮೇಲೆ ಉಣಿಸಬೇಕಂತೆ. ಮಾಡಿದೆ. ಕಪ್ಪಿನ ಜಾಗದಲ್ಲಿ ಪೆಂಡಾಲು, ಪೇಟ, ರೇಷ್ಮೆ ಎಲ್ಲ ಥಳಥಳ ಬಂತು. ದಸ್ತಗೀರ ಹೇಳಿದ್ದು ಸುಳ್ಳಲ್ಲ, ಮೂಗಬಟ್ಟಿನ ಹರಳಿನಲ್ಲಿ ಏನೋ ಒಂದು ಕರಿ ಚುಕ್ಕೆ ಕಾಣುತ್ತಿತ್ತು. ಗಂಗವ್ವ ಮಾತ್ರ ಎಲ್ಲಿಯೂ ಇರಲಿಲ್ಲ.

ತಾಳಿಯ ಜಾಗದಲ್ಲಿ ಹಾಡು ಬೇಡ, ಇದ್ದ ಸಪ್ಪಳವೇ ಇರಲಿ ಎಂದು ಶಿವಪ್ಪನವರು ಹೇಳಿಕಳಿಸಿದರು. ದಸ್ತಗೀರ ಒದ್ದಾಡಿದ. “ನನಗ ಕೈ ಸೇದಿ ಹೋಗ್ಲಿ ಅಂತ ಶಾಪ ಹಾಕಿದ್ದನ್ನರ ತಗೀರಿ ವೈನಿ, ಧಂದೇದ ಪ್ರಶ್ನೆ ಐತಿ.” ನಾನು ತೆಗೆಯಲಿಲ್ಲ. ಆ ಜಾಗದಲ್ಲಿ ಎಸಳನ್ನೂ ಉದುರಿಸಲಿಲ್ಲ.

ಒಂದು ವಾರದ ಮೇಲೆ ಗಂಗವ್ವ ಬಂದರು, ತಮ್ಮನ ಮೋಟಾರುಸೈಕಲ್ಲಿನ ಹಿಂದೆ ಕೂತು. ಸಣ್ಣ ಆಳು, ದೊಡ್ಡ ಕುಂಕುಮ. ಕಮಲವ್ವ ಬಸ್ಸಿನಲ್ಲಿ ಮೊದಲೇ ಬಂದು ಕೂತಿದ್ದರು. ಎದ್ದು, ತಮ್ಮ ಕುರ್ಚಿಯನ್ನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಎಳೆದು, “ಇಲ್ಲೇ ಮುಂದ ಕೂಡ್ರಿ ಅಕ್ಕಾ” ಎಂದರು. ಅದಕ್ಕಿಂತ ಹೆಚ್ಚಿನ ಮಾತು ಅವರಿಂದ ಬರಲಿಲ್ಲ. ಕಮಲವ್ವನಂಥವರ ಬಾಯಲ್ಲಿ ಅದು ಕಡಿಮೆಯದೂ ಅಲ್ಲ.

ತನ್ನದೇ ದನಿ ಕೇಳಿದಾಗ ಗಂಗವ್ವ, “ಯಾರವಾ ಈಕಿ, ಬಾಯಿಹರಕಿ?” ಎಂದರು. ಗುರುತು ಹತ್ತಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ತಾಳಿ ಕಟ್ಟುವುದನ್ನು ಎವೆ ಮಿಟುಕಿಸದೆ ನೋಡಿದರು. ಕಣ್ಣು ಒರೆಸಿಕೊಂಡರು. ಎಲ್ಲ ಮುಗಿಯಿತು ಎಂದು ನಾನು ಮೌಸಿಗೆ ಕೈಹಾಕುವಷ್ಟರಲ್ಲಿ ಹೇಳಿದರು:

“ಎಡಗೈಲೆ ಗಂಟ ಹಾಕ್ಯಾನಲ್ಲೋ ಶಿವಾ! ನನ್ನ ಮಗಗ ಕೊಟ್ಟಿದ್ರ ಬಲಗೈಲೆ ಹಾಕ್ತಿದ್ದ.”

ಶಿವಪ್ಪನವರು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಂದಿನಿಂದ ಮದುವೆಗೆ ಹೋದಲ್ಲೆಲ್ಲ ನನಗೊಂದು ಚಟ. ಊಟದ ಸಾಲು ಹುಡುಕುವ ಮೊದಲು ಕ್ಯಾಮೆರಾದ ಹಿಂದೆ ಯಾರನ್ನು ಕೂರಿಸಿದ್ದಾರೆ ಎಂದು ನೋಡುತ್ತೇನೆ. ಇವತ್ತು ಮಧ್ಯಾಹ್ನ ರಾಯಬಾಗದ ಮದುವೆಯಲ್ಲೂ ನೋಡಿದೆ. ದಸ್ತಗೀರನ ಸ್ಟ್ಯಾಂಡಿನ ಹಿಂದೆ ಒಬ್ಬ ಅಜ್ಜ ತಲೆ ಬಗ್ಗಿಸಿ ಒಬ್ಬನೇ ಕೂತಿದ್ದ. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ದಸ್ತಗೀರನನ್ನು ಗದರಿಸಿ ಸ್ಟ್ಯಾಂಡನ್ನೂ ಲೈಟನ್ನೂ ಆಚೆ ಸರಿಸಿದೆ. ಬೆಳಕು ನೇರವಾಗಿ ಅಜ್ಜನ ಮುಖಕ್ಕೆ ಬಿತ್ತು. ಅವನು ಬೆಚ್ಚಿಬಿದ್ದು ಎಚ್ಚರಾದ.

“ಯಾಕಬೇ ತಂಗಿ?” ಎಂದ, ಕಣ್ಣಿಗೆ ಕೈ ಅಡ್ಡ ಹಿಡಿದು. “ಛೊಲೋ ನೆರಳಿತ್ತು. ನಿದ್ದಿ ಹತ್ತಿತ್ತು.”

ಸ್ಟ್ಯಾಂಡನ್ನು ಮತ್ತೆ ಇದ್ದಲ್ಲಿಗೇ ಇಡಿಸಿ, ನಾನು ಊಟಕ್ಕೆ ಹೋದೆ.