ಮೈಸೂರಿನಲ್ಲಿ ಕಲಿತೆ ಎಂದಿದ್ದೆ

ಹೆದ್ದಾರಿ ಹೋಟೆಲಿನ ಪನೀರ್ ಮಸಾಲೆಯನ್ನು ಮನೆಯಲ್ಲಿ ಮಾಡುವುದನ್ನು ನನಗೆ ಕಲಿಸಿದವಳು ನಮ್ಮ ತೋಟದಲ್ಲಿ ಕಾಫಿ ಕುಯ್ಯುತ್ತಿದ್ದ ಒಬ್ಬ ಹೆಂಗಸು. ಇಷ್ಟು ಸಣ್ಣ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಆರು ವರ್ಷ ಹಿಡಿಯಿತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ನಾನು ಆಲೂರು ಕಡೆಯಿಂದ ಹಾನುಬಾಳಿನ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದೆ. ನಮ್ಮಪ್ಪನದು ರಾಗಿ, ಆಲೂಗಡ್ಡೆ ಬೆಳೆಯುವ ಮನೆ. ಇವರದು ಕಾಫಿ. ತೋಟ ದೊಡ್ಡದೇನಲ್ಲ, ಆದರೆ ನನ್ನ ಗಂಡನ ಓಡಾಟವೆಲ್ಲ ದೊಡ್ಡ ಎಸ್ಟೇಟಿನವರ ಜೊತೆ. ಅವರ ಹೆಂಡತಿಯರು ಮಾತಿನ ನಡುವೆ ಇಂಗ್ಲಿಷ್ ಸೇರಿಸುತ್ತಿದ್ದರು, ಮನೆಯಲ್ಲೇ ಕೇಕ್ ಮಾಡುತ್ತಿದ್ದರು. ಅವರೆದುರು ನಾನು ಸೆರಗು ಸರಿಮಾಡಿಕೊಳ್ಳುತ್ತಾ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾ ಕೂರುತ್ತಿದ್ದೆ.

ಸಕಲೇಶಪುರಕ್ಕೆ ಹೋದಾಗಲೆಲ್ಲ ಗಂಡ ನನ್ನನ್ನು ಆನೇಮಹಲ್ ಹತ್ತಿರ ರಸ್ತೆ ಬದಿಯ ಒಂದು ಹೋಟೆಲಿಗೆ ಕರೆದುಕೊಂಡು ಹೋಗುತ್ತಿದ್ದರು. ಲಾರಿಯವರು, ಮಂಗಳೂರಿಗೆ ಹೋಗುವ ಕಾರಿನವರು ಊಟಕ್ಕೆ ನಿಲ್ಲುವ ಜಾಗ. ಅಲ್ಲಿಯ ಪನೀರ್ ಮಸಾಲೆ ಕೆಂಪಗೆ, ನುಣ್ಣಗೆ, ಮೇಲೆ ಎಣ್ಣೆ ತೇಲಿಸಿಕೊಂಡು ಬರುತ್ತಿತ್ತು. ಜೊತೆಗೆ ಅಲ್ಲಲ್ಲಿ ಕಪ್ಪಾದ, ಬೆಣ್ಣೆ ಸವರಿದ ರೊಟ್ಟಿ. ಮುದ್ದೆ, ಅಕ್ಕಿರೊಟ್ಟಿ, ಹುರುಳಿ ಸಾರು ತಿಂದು ಬೆಳೆದ ನನಗೆ ಅದು ಬೇರೆಯದೇ ಲೋಕದ ಊಟ. ಗಂಡ ತಟ್ಟೆಯನ್ನು ರೊಟ್ಟಿಯ ಚೂರಿನಿಂದ ಒರೆಸಿ ತಿನ್ನುವುದನ್ನು ನೋಡಿ, ಇದನ್ನು ನಾನೇ ಮಾಡಿ ಹಾಕಬೇಕು ಅಂದುಕೊಂಡೆ.

ಮೊದಲ ಸಲ ಮಾಡಿದಾಗ ಹಾಲು ಒಡೆಸಿ ಗಂಟು ಕಟ್ಟಿದ ಪನೀರು ಒಗ್ಗರಣೆಯಲ್ಲಿ ಅನ್ನದ ಅಗುಳಿನಂತೆ ಉದುರಿಹೋಯಿತು. ಗಂಡ ತಿಂದು, "ಟೊಮೆಟೊ ಸಾರಿಗೆ ಗಿಣ್ಣು ಬಿದ್ದಂಗೈತೆ ಕಣೇ," ಅಂದರು. ನಕ್ಕೇ ಅಂದರು. ನನಗೆ ನಗು ಬರಲಿಲ್ಲ. ಎರಡನೆಯ ಸಲ ಪನೀರು ನಿಂತಿತು, ಆದರೆ ರುಚಿ ಪಲ್ಯದ್ದು. ಅತ್ತೆ, "ಹಾಲು ಯಾಕೆ ಹಿಂಗೆ ಹಾಳುಮಾಡ್ತೀಯ ಮಾರಾಯ್ತಿ?" ಎಂದು ಪಾತ್ರೆ ಪಕ್ಕಕ್ಕೆ ಸರಿಸಿದರು.

ಆ ವರ್ಷ ಕುಯಿಲಿಗೆ ಬಂದವರಲ್ಲಿ ನಲವತ್ತರ ಆಸುಪಾಸಿನ ಒಬ್ಬಳಿದ್ದಳು. ಗಂಡ ಇಲ್ಲ. ನಮ್ಮ ತೋಟದ ಕೆಳಗೆ ಆಳುಗಳಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಯಲ್ಲಿ ಒಬ್ಬಳೇ ಇದ್ದಳು. ಹಿತ್ತಿಲ ಕಲ್ಲಿನ ಮೇಲೆ ನಾನು ಬೆಂದ ಟೊಮೆಟೊ ಸಿಪ್ಪೆ ಸುಲಿಯುತ್ತಿದ್ದುದನ್ನು ನೋಡಿ, "ಏನ್ ಮಾಡ್ತಿದೀರ ಅಮ್ಮಾವ್ರೆ?" ಎಂದಳು. ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ನಾನು ಆ ಹೋಟ್ಲಲ್ಲೇ ನಾಲ್ಕು ವರ್ಷ ಇದ್ದೆ. ಮೊದ್ಲು ಈರುಳ್ಳಿ ಹೆಚ್ಚೋಕೆ. ಆಮೇಲೆ ಭಟ್ಟರ ಕೈ ಕೆಳಗೆ ಮಸಾಲೆಗೆ. ಕೊನೆಗೆ ಭಟ್ಟರು ಕುಡಿದು ಮಲಗಿದ್ ದಿನ ನಾನೇ ಮಾಡ್ಬುಡ್ತಿದ್ದೆ. ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನನಗೆ ಹೇಳಿಕೊಡ್ತೀಯ?"

"ಅದೇನ್ ದೊಡ್ ವಿದ್ಯೆ ಬುಡಿ," ಅಂದಳು. ಆದರೆ ಮಾರನೆಯ ದಿನವೇ, ಕುಯ್ದ ಹಣ್ಣಿನ ತೂಕ ಮುಗಿದ ಮೇಲೆ ಬಂದಳು.

ಬಂದಳು ಅಂದರೆ ಹಿತ್ತಿಲಿಗೆ. ನಮ್ಮ ಅಡುಗೆಮನೆಗೆ ಆಳುಗಳು ಕಾಲಿಡುವಂತಿರಲಿಲ್ಲ. ಅತ್ತೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು. ಅಡುಗೆಮನೆಗೆ ಯಾರು ಬರಬಹುದು, ಯಾರು ಬರಬಾರದು ಎನ್ನುವುದನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ, ಎಲ್ಲರಿಗೂ ತಿಳಿದಿತ್ತು. ಅವಳಿಗೂ ತಿಳಿದಿತ್ತು. ಒಲೆಯ ಹಿಂದಿನ ಕಿಟಕಿಯ ಹೊರಗೆ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ನಿಂತುಕೊಂಡಳು. ನಾನು ಒಳಗೆ. ಬಾಣಲೆ ಅವಳಿಗೆ ಕಾಣುತ್ತಿರಲಿಲ್ಲ, ಕಿಟಕಿ ಅಷ್ಟು ಎತ್ತರ. ಮೂಗಿನಲ್ಲಿ, ಕಿವಿಯಲ್ಲೇ ಅವಳು ಅಡುಗೆ ಹೇಳಿಕೊಟ್ಟಳು.

"ಈರುಳ್ಳಿದು ಇನ್ನೂ ಹಸಿ ವಾಸ್ನೆ ಐತೆ. ಕೈ ಬಿಡಬ್ಯಾಡಿ, ತಿರುವ್ತಾ ಇರಿ."

"ಕೆಂಪಗಾಯ್ತು."

"ಕೆಂಪಗಾದ್ರೆ ಸಾಲ್ದು. ಎಣ್ಣೆ ಚಟಪಟ ಅಂತ ಮಾತಾಡ್ತಾ ಐತಲ್ಲ, ಅದು ಸುಮ್ನಾಗ್ಬೇಕು. ಆವಾಗ ಟೊಮೆಟೊ."

ಗೋಡಂಬಿ ಜೊತೆ ಕರಬೂಜದ ಬೀಜ ನೆನೆಸಿ ರುಬ್ಬಬೇಕು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಬೀಜ ತೆಗೆದು ಬಿಸಿನೀರಲ್ಲಿ ನೆನೆಸಿದ್ದು. ಒಣಗಿದ ಮೆಂತ್ಯದ ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಕೊನೆಗೆ. ಚಿಟಿಕೆ ಸಕ್ಕರೆ. ಎಲ್ಲ ಮುಗಿದ ಮೇಲೆ ಒಂದು ಕೆಂಡವನ್ನು ಬಟ್ಟಲಿನಲ್ಲಿಟ್ಟು, ಬಟ್ಟಲನ್ನು ಪಾತ್ರೆಯೊಳಗಿಟ್ಟು, ಕೆಂಡದ ಮೇಲೆ ತುಪ್ಪ ಬಿಟ್ಟು ಮುಚ್ಚಳ ಮುಚ್ಚಬೇಕು. ರೊಟ್ಟಿಯ ಒಂದು ಮೈಗೆ ನೀರು ಸವರಿ ಕಬ್ಬಿಣದ ಕಾವಲಿಗೆ ಅಂಟಿಸಿ, ಕಾವಲಿಯನ್ನೇ ಗ್ಯಾಸಿನ ಉರಿಯ ಮೇಲೆ ಬೋರಲು ಹಿಡಿದರೆ ಹೋಟೆಲಿನ ರೊಟ್ಟಿಯ ಹಾಗೆ ಉಬ್ಬುತ್ತದೆ. ಮೊದಲ ರೊಟ್ಟಿ ಉರಿಯೊಳಕ್ಕೇ ಬಿತ್ತು. ಹೊರಗಿನಿಂದ ಅವಳು, "ಬಿತ್ತಾ? ಬೀಳ್ಲಿ ಬುಡಿ, ಎಲ್ರದೂ ಮೊದಲನೇದು ಬೀಳ್ತದೆ," ಎಂದಳು.

ಹೀಗೆ ಐದಾರು ಸಂಜೆ. ಅತ್ತೆ ಒಮ್ಮೆ, "ಆಳಿನ ಜೊತೆ ಅದೇನು ಅಷ್ಟೊಂದು ಮಾತು?" ಎಂದು ಕೇಳಿದರು. "ಸುಮ್ಮನೆ," ಎಂದೆ.

ಒಂದು ಸಂಜೆ ಅವಳು ತಾನಾಗಿಯೇ ಹೇಳಿದಳು. "ನಾಲ್ಕು ವರ್ಷ ಮಾಡಿದೀನಿ ಅಮ್ಮಾವ್ರೆ. ಒಂದಿನ ತಟ್ಟೆಗೆ ಹಾಕ್ಕಂಡು, ಬಿಸಿ ರೊಟ್ಟಿ ಜೊತೆ ಕೂತ್ಕಂಡು ತಿಂದಿಲ್ಲ. ಉಳಿದ ತಳದ್ದು ಅನ್ನಕ್ಕೆ ಕಲಸ್ಕಂಡು ತಿಂತಿದ್ದೆ, ಅಷ್ಟೆ."

"ನಾನು ಕೊಡ್ತೀನಿ, ತಟ್ಟೆಯಲ್ಲಿ ಬಡಿಸಿ ಕೊಡ್ತೀನಿ," ಎಂದೆ. ಮನಸಾರೆ ಹೇಳಿದ್ದೆ.

ಜನವರಿಯ ಒಂದು ಭಾನುವಾರ ಗಂಡ ಮೂರು ಎಸ್ಟೇಟು ಮನೆಯವರನ್ನು ಮಧ್ಯಾಹ್ನದ ಊಟಕ್ಕೆ ಕರೆದರು. ನಾನು ಬೆಳಗಿನಿಂದಲೇ ಒಲೆಯ ಮುಂದೆ. ಅವಳಿಗೆ ರಜೆಯ ದಿನ, ಆದರೂ ಒಗೆದ ಸೀರೆ ಉಟ್ಟುಕೊಂಡು ಬಂದು ಕಿಟಕಿಯಾಚೆ ನಿಂತಳು. ಆ ದಿನ ಅವಳ ಮೂಗು ಒಂದು ಸಲವೂ ತಪ್ಪಲಿಲ್ಲ. ಪನೀರು ಮೆತ್ತಗೆ, ಮಸಾಲೆ ಕೆಂಪಗೆ, ಕೆಂಡದ ಹೊಗೆಯ ಪರಿಮಳ ಹಜಾರದವರೆಗೂ ಹೋಯಿತು.

ಬಂದವರು ಎರಡೆರಡು ಸಲ ಬಡಿಸಿಕೊಂಡರು. ಗಂಡನ ಮುಖ ನೋಡಬೇಕಿತ್ತು. ಊಟ ಮುಗಿಸಿ ಮೂವರು ಹೆಂಗಸರು ತಟ್ಟೆ ಇಡುವ ನೆಪದಲ್ಲಿ ಅಡುಗೆಮನೆಗೆ ಬಂದರು. ಅವರಲ್ಲಿ ಹಿರಿಯರಾದವರು, ನನ್ನನ್ನು ಅದುವರೆಗೆ ಹೆಸರು ಹಿಡಿದು ಕರೆದೇ ಇರದವರು, ನನ್ನ ಭುಜ ಮುಟ್ಟಿದರು.

"ಇದು ಮನೇಲಿ ಮಾಡಿದ್ದು ಅಂತ ನಂಬೋಕೇ ಆಗಲ್ಲ ಕಣ್ರೀ. ಎಲ್ಲಿ ಕಲಿತ್ರಿ?"

ಮದುವೆಗೆ ಮುಂಚೆ ನಾನು ಎರಡು ತಿಂಗಳು ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದೆ. ಆ ಎರಡು ತಿಂಗಳಲ್ಲಿ ಮಾಡಿದ್ದು ಚಿಕ್ಕಮ್ಮನ ಮಗುವನ್ನು ಎತ್ತಿಕೊಂಡಿದ್ದು ಮಾತ್ರ. ಆದರೂ ಅದು ತಟ್ಟನೆ ನಾಲಿಗೆಗೆ ಬಂತು.

"ಮೈಸೂರಿನಲ್ಲಿ. ಕುಕ್ಕರಿ ಕ್ಲಾಸಿಗೆ ಹೋಗ್ತಿದ್ದೆ."

"ಅದಕ್ಕೇ ಮತ್ತೆ! ನೋಡಿ, ಕೈ ಪಳಗಿದೆ," ಎಂದು ಅವರು ಉಳಿದಿಬ್ಬರಿಗೆ ಹೇಳಿದರು.

ಕಿಟಕಿ ತೆರೆದೇ ಇತ್ತು. ಹೊರಗೆ ಪಾತ್ರೆ ಉಜ್ಜುತ್ತಿದ್ದ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಅವಳು ಹೊರಗಿದ್ದಾಳೆಂದು ಗೊತ್ತಿತ್ತು, ಯಾರೂ ಹೇಳದೆ ನಮ್ಮ ಪಾತ್ರೆ ತೊಳೆಯುತ್ತಿದ್ದಾಳೆ ಎಂದು ಗೊತ್ತಾದದ್ದು ಆಗ.

ಬಂದವರು ಹೋದ ಮೇಲೆ ನೋಡಿದರೆ ರೊಟ್ಟಿ ಮುಗಿದಿತ್ತು. ಪಾತ್ರೆಯ ತಳದಲ್ಲಿ ಮಸಾಲೆ ಒಂದಿಷ್ಟು, ಪನೀರಿನ ಎರಡು ತುಂಡು. ಮತ್ತೆ ಹಿಟ್ಟು ಕಲಸಿ ನಾಲ್ಕು ರೊಟ್ಟಿ ಮಾಡಬಹುದಿತ್ತು, ಹಿಟ್ಟು ಡಬ್ಬಿಯ ತುಂಬ ಇತ್ತು. ನಾನು ಮಾಡಲಿಲ್ಲ. ದಣಿದಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಅವಳ ಮುಖ ನೋಡುವ ಕೆಲಸ ಬೇಗ ಮುಗಿದರೆ ಸಾಕಿತ್ತು. ತಳದ್ದನ್ನು ಕೆರೆದು, ಆಳುಗಳಿಗೆಂದೇ ಇಟ್ಟಿದ್ದ ಅಲ್ಯೂಮಿನಿಯಂ ಬಟ್ಟಲಿಗೆ ಹಾಕಿ, ಮೇಲೆ ಅನ್ನ ಹಾಕಿ ಹಿತ್ತಿಲ ಬಾಗಿಲಲ್ಲಿ ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದಳು. ಮರುದಿನ ಬಟ್ಟಲು ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿಟ್ಟಿದ್ದಳು.

ಆಮೇಲೆ ಅವಳು ಕಿಟಕಿಯ ಹತ್ತಿರ ಬರಲಿಲ್ಲ. ಒಂದು ವಾರ ಕಾದು, ತೂಕದ ಹೊತ್ತಿನಲ್ಲಿ ನಾನೇ ಕಣಕ್ಕೆ ಹೋದೆ. "ಯಾಕೆ ಬರ್ತಾ ಇಲ್ಲ? ಹೂಕೋಸಿನದು ಹೇಳಿಕೊಡ್ತೀನಿ ಅಂತ ನೀನೇ ಅಂದಿದ್ದೆ."

ಅವಳು ಹಣ್ಣಿನ ಬುಟ್ಟಿಯಿಂದ ಎಲೆ ಆರಿಸುತ್ತಲೇ ಇದ್ದಳು. "ನಿಮಗೆ ಮೈಸೂರಲ್ಲಿ ಹೇಳ್ಕೊಟ್ಟೋರು ಇದಾರಲ್ಲ ಅಮ್ಮಾವ್ರೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸರಿಗೆ ಏನೂ ಅರ್ಥವಾಗಲಿಲ್ಲ. ನಾನು ಬಂದ ದಾರಿಯಲ್ಲೇ ತಿರುಗಿದೆ.

ಮುಂದಿನ ಭಾನುವಾರ ಗಂಡ, ಅತ್ತೆ ಇಬ್ಬರೂ ಒಂದು ಮದುವೆಗೆ ಹೋಗಿದ್ದರು. ನಾನು ತಲೆನೋವೆಂದು ಉಳಿದುಕೊಂಡು ಎಲ್ಲವನ್ನೂ ಮತ್ತೆ ಮಾಡಿದೆ. ಮನೆಯ ಒಳ್ಳೆಯ ಸ್ಟೀಲ್ ತಟ್ಟೆ ತೆಗೆದುಕೊಂಡು, ಕ್ಯಾರಿಯರಿನಲ್ಲಿ ತುಂಬಿಕೊಂಡು ಲೈನಿಗೆ ಇಳಿದೆ. ಲೈನ್ ಮನೆಯ ಒಳಗೆ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ಒಂದೇ ಕೋಣೆ. ಸಗಣಿ ಸಾರಿಸಿದ ನೆಲ, ಮೂರು ಪಾತ್ರೆ, ಅವೂ ಬೆಳ್ಳಗೆ ಹೊಳೆಯುತ್ತಿದ್ದವು. ಅವಳು ಗಾಬರಿಯಾಗಿ ಚಾಪೆ ಹಾಸಿದಳು. ನಾನೇ ತಟ್ಟೆಗೆ ಬಡಿಸಿದೆ.

ಅವಳು ಕೂತು ತಿಂದಳು. ನಿಧಾನವಾಗಿ, ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿಕೊಂಡು. ಅರ್ಧ ತಿಂದ ಮೇಲೆ, "ಈರುಳ್ಳಿ ಒಂಚೂರು ಸೀದೈತೆ," ಎಂದಳು. ಆಮೇಲೆ ನಕ್ಕಳು. ನನಗೂ ನಗು ಬಂತು. ಎಲ್ಲ ಸರಿಹೋಯಿತು ಅಂದುಕೊಂಡೆ. ಆ ದಿನದ ಮಾತು ಎತ್ತಿ, ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದು ಒಲೆಯ ಮೇಲಿದ್ದ ಪಾತ್ರೆಯಿಂದ ಒಂದು ಲೋಟ ಬೆಲ್ಲದ ಕಾಫಿ ಬಗ್ಗಿಸಿ ನನ್ನ ಮುಂದೆ ಹಿಡಿದಳು.

"ಹಾಲಿಲ್ಲ, ಕರೀ ಕಾಫಿ. ಕುಡೀರಿ."

ನಾನು ಕೈ ಚಾಚಬೇಕಿತ್ತು. "ಈಗ ತಾನೇ ಕುಡಿದು ಬಂದೆ," ಎಂದೆ.

ಯೋಚಿಸಿ ಹೇಳಿದ್ದಲ್ಲ. ಮೈಸೂರಿನ ಮಾತಿನ ಹಾಗೆಯೇ ಅದೂ ತಾನೇ ಬಂತು. ಅವಳು ಲೋಟವನ್ನು ಒಲೆಯ ಕಟ್ಟೆಯ ಮೇಲಿಟ್ಟಳು. ತಟ್ಟೆಯಲ್ಲಿ ಉಳಿದಿದ್ದನ್ನು ಮುಗಿಸಲಿಲ್ಲ. "ಆಮೇಲೆ ತಿಂತೀನಿ, ತಟ್ಟೆ ನಾಳೆ ತೊಳ್ದು ಕಳಿಸ್ತೀನಿ," ಎಂದಳು. ನಾನು ಏರು ಹತ್ತಿಕೊಂಡು ಮನೆಗೆ ಬಂದೆ. ಕ್ಷಮೆ ಕೇಳಲು ಹೋದವಳು ಅವಳ ಮನೆಯ ಕಾಫಿ ಬೇಡವೆಂದು ಬಂದಿದ್ದೆ. ಅತ್ತೆಯ ಮಡಿಯನ್ನು ಒಳಗೊಳಗೇ ಬೈದುಕೊಳ್ಳುತ್ತಿದ್ದವಳು ನಾನು. ಆ ಹೊತ್ತಿನಲ್ಲಿ ಅಲ್ಲಿ ಅತ್ತೆ ಇರಲೇ ಇಲ್ಲ.

ಕುಯಿಲು ಮುಗಿದ ಮೇಲೆ ಅವಳು ಲೈನ್ ಬಿಟ್ಟಳು. ಎಡಕುಮೇರಿ ಕಡೆ ಘಾಟಿಯಲ್ಲಿ ರೈಲು ಹಳಿ ಬದಲಿಸುವ ಕೆಲಸ ನಡೆಯುತ್ತಿತ್ತು, ಅಲ್ಲಿ ಕಂಟ್ರಾಕ್ಟರನ ಕ್ಯಾಂಪಿನಲ್ಲಿ ಅಡುಗೆಗೆ ಸೇರಿಕೊಂಡಳು ಎಂದು ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದ.

ಇತ್ತ ನನ್ನ ಹೆಸರು ಹಬ್ಬಿತು. ಸಕಲೇಶಪುರದಲ್ಲಿ ತೋಟದ ಮನೆಯ ಹೆಂಗಸರೆಲ್ಲ ಸೇರಿದ್ದ ಒಂದು ದಿನ ನನ್ನನ್ನು ಮುಂದೆ ನಿಲ್ಲಿಸಿ ಮಾಡಿ ತೋರಿಸಿ ಎಂದರು. ಕೆಂಡದ ಮೇಲೆ ತುಪ್ಪ ಬಿಟ್ಟಾಗ ಎಲ್ಲರೂ ಓಹ್ ಎಂದರು. "ಎಣ್ಣೆ ಮಾತು ನಿಲ್ಲಿಸುವವರೆಗೆ ಈರುಳ್ಳಿ ಹುರೀಬೇಕು," ಎಂದು ನಾನು ಹೇಳಿದಾಗ ಒಬ್ಬರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಚಪ್ಪಾಳೆ ತಟ್ಟಿ ಒಂದು ಗಾಜಿನ ಬಟ್ಟಲಿನ ಸೆಟ್ ಕೊಟ್ಟರು. ಅದನ್ನು ಮನೆಗೆ ತಂದು, ಡಬ್ಬಿ ಬಿಚ್ಚದೆ ಅಟ್ಟಕ್ಕೆ ಹಾಕಿದೆ.

ಆರು ವರ್ಷದ ಮೇಲೆ ಅವಳು ಸಿಕ್ಕಿದ್ದು ಸಕಲೇಶಪುರದ ಸಂತೆಯಲ್ಲಿ. ಜೀಪು ನಿಲ್ಲಿಸಿಕೊಂಡು, ಟೊಮೆಟೊ ಕ್ರೇಟಿನ ಲೆಕ್ಕದಲ್ಲಿ ಕೊಳ್ಳುತ್ತಿದ್ದಳು. ಅಂಗಡಿಯವನು ಅವಳ ಜೊತೆ ಮರ್ಯಾದೆಯಿಂದ ಮಾತಾಡುತ್ತಿದ್ದ. ಮೈ ತುಂಬಿಕೊಂಡಿತ್ತು, ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದು, "ಚೆಂದಾಗಿದೀರಾ ಅಮ್ಮಾವ್ರೆ?" ಎಂದಳು. ಕ್ಯಾಂಪಿನಲ್ಲಿ ಎಂಬತ್ತು ಜನಕ್ಕೆ ತಾನೇ ಅಡುಗೆ, ಕೈ ಕೆಳಗೆ ಇಬ್ಬರು ಹೆಂಗಸರು ಎಂದಳು.

"ಈಗ್ಲೂ ಮಾಡ್ತೀರಾ ಅದನ್ನ?"

ಇಲ್ಲ, ಬಿಟ್ಟೆ ಎನ್ನಬೇಕೆನಿಸಿತು. ನಾಲಿಗೆಯನ್ನು ಕಷ್ಟಪಟ್ಟು ಹಿಡಿದುಕೊಂಡೆ. "ಮಾಡ್ತೀನಿ," ಎಂದೆ. ಆಮೇಲೆ ಆ ಜನಜಂಗುಳಿಯ ನಡುವೆಯೇ ಹೇಳಿದೆ. ಅವತ್ತು ಸುಳ್ಳು ಹೇಳಿದೆ, ನೀನು ಹೊರಗಿದ್ದುದು ಗೊತ್ತಿದ್ದೂ ಹೇಳಿದೆ, ನಿನ್ನ ಮನೆಗೆ ಬಂದು ಕಾಫಿ ಕುಡಿಯಲಿಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ, ತಲೆ ತಗ್ಗಿಸಿಕೊಂಡು.

ಅವಳು ಟೊಮೆಟೊ ಒತ್ತಿ ನೋಡುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಬಿಡಿ ಎನ್ನುತ್ತಾಳೆ, ಮರೆತುಬಿಟ್ಟೆ ಎನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಎರಡನ್ನೂ ಅನ್ನಲಿಲ್ಲ.

"ನೀವು ಹೇಳ್ಬೇಕಿತ್ತು ಅಮ್ಮಾವ್ರೆ," ಎಂದಳು. "ನನ್ ಹೆಸ್ರೇನು ಬ್ಯಾಡ. ನಮ್ ತೋಟದಲ್ಲಿ ಒಬ್ಬಳು ಅವ್ಳೆ, ಅವ್ಳು ಹೇಳ್ಕೊಟ್ಲು ಅಂದಿದ್ರೆ ಸಾಕಿತ್ತು."

ಜೀಪಿನವನು ಹಾರ್ನ್ ಹೊಡೆದ. ಅವಳು ಹೋದಳು.

ಆ ವಾರ ಮನೆಯಲ್ಲಿ ಹೇಳಿದೆ. ಗಂಡ ಪೇಪರಿನಿಂದ ತಲೆಯೆತ್ತಿ, "ಅದಕ್ಕೇನೀಗ? ಯಾರು ಕಲಿಸಿದ್ರೇನು, ರುಚಿ ಐತಲ್ಲ," ಎಂದರು. ಅತ್ತೆ ಅಂದಿನಿಂದ ಪನೀರ್ ಮಸಾಲೆ ತಮ್ಮ ತಟ್ಟೆಗೆ ಹಾಕಿಸಿಕೊಳ್ಳುವುದನ್ನು ನಿಲ್ಲಿಸಿದರು. ಹಾಲು ನಮ್ಮ ಹಸುವಿನದು, ಮಾಡಿದ ಕೈ ನನ್ನದು, ಅವಳು ಒಂದು ಸೌಟನ್ನೂ ಮುಟ್ಟಿರಲಿಲ್ಲ. ಇದನ್ನು ಹೇಳಿ ಅವರನ್ನು ಒಪ್ಪಿಸಬಹುದಿತ್ತು. ಅವಳು ಮುಟ್ಟಿರಲಿಲ್ಲ ಎಂಬ ಆ ವಾದವನ್ನು ಹೂಡಲು ನನಗೆ ನಾಚಿಕೆಯಾಯಿತು, ಹೂಡಲಿಲ್ಲ.